ಮುಳಿಹುಲ್ಲಿನಿಂದ ಚೆಂಡೆಬ್ಬಿಸುವ ಕ್ರಮ

ಬಳಸುವ ಮೊದಲು ಪೂರ್ತಿ ಓದಿ. ಓದಿದ ಮೇಲೆ ಮನೆಯವರ ಕೈಗೆ ಸಿಗದಂತೆ ತೆಗೆದಿಡಿ.

ಕಾಸರಗೋಡಿನವರಿಗೆ ಗಾಲ್ಫ್ ಆಡುವ ಮನಸ್ಸಾದರೆ ತಲಪಾಡಿ ದಾಟಿ ಮಂಗಳೂರಿನ ಪಿಲಿಕುಳಕ್ಕೆ ಹೋಗಬೇಕು, ಇಲ್ಲವೇ ಪಾಣತ್ತೂರಿನಿಂದ ಘಟ್ಟ ಹತ್ತಿ ಮಡಿಕೇರಿ ಸೇರಬೇಕು. ಎರಡಕ್ಕೂ ಪುರುಸೊತ್ತಿಲ್ಲದ, ಆದರೆ ದುಬಾಯಿಯಿಂದ ಬರುವಾಗ ಭಾವ ತಂದುಕೊಟ್ಟ ಅರ್ಧ ಸೆಟ್ ಕ್ಲಬ್ಬು ಅಟ್ಟದಲ್ಲಿ ಬಿದ್ದಿರುವವರಿಗಾಗಿ ಈ ಕೈಪಿಡಿ. ಬೇಕಾದದ್ದೆಲ್ಲ ಮನೆಯಲ್ಲೇ ಇದೆ. ಅಂಗಳವೇ ಗ್ರೀನ್. ಅಂಗಳದಾಚೆಯ ಗುಡ್ಡೆಯ ಮುಳಿಹುಲ್ಲೇ ರಫ್. ದೂರದ ಹೊಡೆತ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ದೂರ ಹೊಡೆದ ಚೆಂಡು ನೆರೆಯವರ ತೋಟಕ್ಕೆ ಹೋಗುತ್ತದೆ, ಅಲ್ಲಿಂದ ಮುಂದಿನದನ್ನು ವಕೀಲರು ನೋಡಿಕೊಳ್ಳುತ್ತಾರೆ.

ಸಾಮಗ್ರಿ

ಚೆಂಡು: ತೂಕ 45.93 ಗ್ರಾಮಿಗಿಂತ ಹೆಚ್ಚಿರಬಾರದು, ಅಡ್ಡಳತೆ 42.67 ಮಿಲ್ಲಿಮೀಟರಿಗಿಂತ ಕಡಿಮೆ ಇರಬಾರದು. ಕುಳಿ: 108 ಮಿಲ್ಲಿಮೀಟರ್ ಅಗಲ. ಸೆಗಣಿ ಸಾರಿಸಿದ ಅಂಗಳದಲ್ಲಿ ಇದನ್ನು ತೋಡುವ ಮೊದಲು ಹಿರಿಯರ ಅಪ್ಪಣೆ ಪಡೆಯಿರಿ. ಕ್ಲಬ್ಬು: ನಿಯಮದ ಪ್ರಕಾರ 14ರ ತನಕ ಇಟ್ಟುಕೊಳ್ಳಬಹುದು. ನಮಗೆ ಎಂಟನೇ ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಈ ಮೂರು ಧಾರಾಳ. ಸ್ಯಾಂಡ್ ವೆಜ್ಜಿನ ಅಡಿ ದಪ್ಪವಾಗಿ ಉಬ್ಬಿರುತ್ತದೆ. ಹಾಗಾಗಿ ಅದು ನೆಲಕ್ಕೆ ಕಚ್ಚದೆ ಸೌಟಿನ ಬೆನ್ನಿನಂತೆ ಜಾರುತ್ತದೆ. ಜೀನ್ ಸರಾಜೆನ್ ಎಂಬ ಅಮೆರಿಕದ ಆಟಗಾರ ಇದನ್ನು ಹದಗೊಳಿಸಿ, 1932ರ ಬ್ರಿಟಿಷ್ ಓಪನ್ ಗೆದ್ದ. ಅವನು ತಿದ್ದಿದ್ದು ಮರಳಿಗಾಗಿ. ಮುರಕಲ್ಲು ಅವನ ಲೆಕ್ಕದಲ್ಲಿ ಇರಲಿಲ್ಲ.

ಹೊಡೆತದ ಆಯ್ಕೆ

ಮೊದಲ ಕೆಲಸ, ಕುಳಿಯಲ್ಲಿ ನೆಟ್ಟ ಬಾವುಟವನ್ನು ನೋಡದೇ ಇರುವುದು. ಬಗ್ಗಿ ಚೆಂಡನ್ನು ನೋಡಿ. ಅದು ಹುಲ್ಲಿನಲ್ಲಿ ಎಷ್ಟು ಆಳಕ್ಕೆ ಕೂತಿದೆ ಎಂಬುದೇ ಹೊಡೆತವನ್ನು ತೀರ್ಮಾನಿಸುತ್ತದೆ. ನಿಮ್ಮ ಆಸೆಗೆ ಅಲ್ಲಿ ಓಟಿಲ್ಲ.

ಚೆಂಡು ಹುಲ್ಲಿನ ಮೇಲೆಯೇ ತೂಗಿಕೊಂಡಿದ್ದರೆ ಖುಷಿಯಾಗುತ್ತದೆ. ಹೆಚ್ಚಿನವರು ಕೆಡುವುದು ಇಲ್ಲೇ. ಸ್ಯಾಂಡ್ ವೆಜ್ ಹಿಡಿದು ಬಲವಾಗಿ ಬೀಸಿದರೆ ಕ್ಲಬ್ಬು ಚೆಂಡಿನ ಅಡಿಯಿಂದ ನುಸುಳಿ ಆಚೆ ಹೋಗುತ್ತದೆ. ಚೆಂಡು ಒಂದು ಗೇಣು ಮೇಲೆದ್ದು ಹೊರಟಲ್ಲಿಗೇ ಬೀಳುತ್ತದೆ. ಕ್ಲಬ್ಬನ್ನು ಎರಡಿಂಚು ಕೆಳಗೆ ಹಿಡಿಯಿರಿ, ಅದರ ತಲೆಯನ್ನು ನೆಲಕ್ಕೆ ಊರದೆ ಚೆಂಡಿನ ಮಟ್ಟಕ್ಕೇ ಎತ್ತಿ ಹಿಡಿದು, ಅಡ್ಡಕ್ಕೆ ಸವರಿ ಹೊಡೆಯಿರಿ.

ಅರ್ಧ ಮುಳುಗಿದ ಚೆಂಡಿಗೆ ಪಿಚಿಂಗ್ ವೆಜ್. ಚೆಂಡು ಬಲಗಾಲಿನ ಕಡೆಗಿರಲಿ, ಮೈಭಾರ ಎಡಗಾಲಿನ ಮೇಲಿರಲಿ, ಕೈಗಳು ಚೆಂಡಿಗಿಂತ ಮುಂದಿರಲಿ. ಮೇಲಿನಿಂದ ಕಡಿದಾಗಿ ಇಳಿಸಿ. ಚೆಂಡು ತಗ್ಗಿನಲ್ಲೇ ಹಾರಿ ಬಹಳ ದೂರ ಉರುಳುತ್ತದೆ. ಕ್ಲಬ್ಬಿನ ಗೀರುಗಳಿಗೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿಕೊಂಡರೆ ಚೆಂಡು ಹಿಮ್ಮುಖ ತಿರುಗುವುದಿಲ್ಲ, ಹಾಗಾಗಿ ಬಿದ್ದಲ್ಲಿ ನಿಲ್ಲುವುದೂ ಇಲ್ಲ. ಹಿಂದೆ ದೊಡ್ಡ ಆಟಗಾರರು ಚೌಕ ಅಂಚಿನ ಆಳ ಗೀರುಗಳ ಬಲದಿಂದ ರಫ್‌ನಲ್ಲೂ ಚೆಂಡನ್ನು ತಿರುಗಿಸಿ ನಿಲ್ಲಿಸುತ್ತಿದ್ದರು. 2010ರಿಂದ ಆ ಗೀರುಗಳಿಗೆ ಕಡಿವಾಣ ಬಿತ್ತು. ಭಾವ ತಂದ ಸೆಟ್ಟು ಅದಕ್ಕಿಂತ ಹಳೆಯದಾದರೆ ಯಾರಿಗೂ ಹೇಳಬೇಡಿ. ಅಂಗಳದ ನೆಲ ಮೊದಲೇ ಗಟ್ಟಿ. ಅದರ ಮಧ್ಯಕ್ಕೆ ಗುರಿಯಿಟ್ಟ ಚೆಂಡು ಹಟ್ಟಿಯ ತನಕ ಹೋಗುತ್ತದೆ. ಅಂಚಿನ ಹುಲ್ಲಿನಲ್ಲೇ ಬೀಳಿಸಿ, ಉಳಿದ ದಾರಿಯನ್ನು ಅದೇ ಉರುಳಿಕೊಂಡು ಹೋಗಲಿ.

ಪೂರ್ತಿ ತಳ ಸೇರಿದ ಚೆಂಡಿಗೆ ಸ್ಯಾಂಡ್ ವೆಜ್, ಮುಖ ತುಸು ತೆರೆದು. ಉದ್ದದ ಹುಲ್ಲು ಕ್ಲಬ್ಬಿನ ಕುತ್ತಿಗೆಗೆ ಸುತ್ತಿ ಅದರ ಮುಖವನ್ನು ಎಡಕ್ಕೆ ತಿರುಗಿಸಿಬಿಡುತ್ತದೆ. ಅದಕ್ಕೇ ಮೊದಲೇ ತೆರೆದಿಡುವುದು, ಎಡಗೈಯ ಕೊನೆಯ ಮೂರು ಬೆರಳಿನಿಂದ ಬಿಗಿಯಾಗಿ ಹಿಡಿಯುವುದು. ಚೆಂಡಿನ ಹಿಂದೆ ಒಂದಿಂಚಿನಲ್ಲಿ ಹುಲ್ಲಿಗೇ ಹೊಡೆಯಿರಿ, ಹುಲ್ಲಿನ ಜತೆಗೆ ಚೆಂಡೂ ಎದ್ದು ಬರುತ್ತದೆ. ನಡುವೆ ಹೆದರಿ ಕೈ ನಿಧಾನಿಸಿದರೆ ಚೆಂಡು ಇದ್ದಲ್ಲೇ ಇರುತ್ತದೆ, ಹುಲ್ಲು ಮಾತ್ರ ಹಸುವಿಗಾಗುತ್ತದೆ.

ಇದಿಷ್ಟೂ ಮಳೆ ಬಿಟ್ಟ ಮೇಲಿನ ಮಾತು. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರ್ ದಾಟಿ ಸುರಿಯುವ ಊರಿನಲ್ಲಿ ಆಟಿಯಲ್ಲಿ ಆಡಬೇಕೆನ್ನುವವರಿಗೆ ಬೇರೆ ಕೈಪಿಡಿಯಲ್ಲ, ಬೇರೆ ಡಾಕ್ಟರು ಬೇಕು. ಮಾರ್ಚಿನ ಮೇಲೆ ಮುಳಿ ಒಣಗಿ ಕೆಳಗಿನ ಮುರಕಲ್ಲು ಎದ್ದು ಕಾಣುತ್ತದೆ. ಆಗ ಸ್ಯಾಂಡ್ ವೆಜ್ ಮುಟ್ಟಲೇಬೇಡಿ. ಅದರ ಉಬ್ಬಿದ ಅಡಿ ಕಲ್ಲಿಗೆ ತಾಗಿ ಪುಟಿದು ಚೆಂಡಿನ ನಡುವಿಗೇ ಬಡಿಯುತ್ತದೆ. ಹಂಚಿನ ಮಾಡು ಇದ್ದವರು ಪರಿಣಾಮ ಊಹಿಸಿಕೊಳ್ಳಬಹುದು. ಎಂಟನೇ ಐರನ್ ಹಿಡಿದು ಮಣಿಕಟ್ಟು ಮಡಚದೆ ಮೆಲ್ಲಗೆ ತಳ್ಳಿದರೆ ಸಾಕು.

ಗರಿಕೆಯ ಬಗ್ಗೆ ಪ್ರತ್ಯೇಕ ಸೂಚನೆ. ಮಧೂರಿನ ಗಣಪತಿ ಗುಡಿಗೆ ಹೊರಡುವಾಗ ಅಂಗಳದಂಚಿನಿಂದ ಕೊಯ್ದುಕೊಳ್ಳುವ ಈ ಹುಲ್ಲನ್ನೇ ಹೊರದೇಶದವರು ಬರ್ಮುಡಾ ಹುಲ್ಲು ಎಂದು ಕರೆದು, ಬಿಸಿಲುನಾಡಿನ ಎಷ್ಟೋ ಗಾಲ್ಫ್ ಅಂಕಣಗಳಿಗೆ ಅದರದೇ ತಳಿ ಹಾಸಿದ್ದಾರೆ. ಎಸಳು ಯಾವ ಕಡೆಗೆ ಬಾಗಿದೆ ನೋಡಿ. ನಿಮ್ಮ ಕಡೆಗೇ ಬಾಗಿದ್ದರೆ ಕ್ಲಬ್ಬನ್ನು ತಡೆಯುತ್ತದೆ. ಸ್ವಲ್ಪ ಜೋರು ಬೇಕು.

ಕ್ಯಾಡಿ

ಕ್ಲಬ್ಬು ಹೊತ್ತು ಸಲಹೆ ಕೊಡಲು ಭಾವನೇ ಸಾಕು. 1982ರ ಯು.ಎಸ್. ಓಪನ್ನಿನಲ್ಲಿ, ಪೆಬಲ್ ಬೀಚಿನ 17ನೇ ಕುಳಿಯ ಪಕ್ಕ, ಟಾಮ್ ವಾಟ್ಸನ್ನನ ಚೆಂಡು ದಟ್ಟ ಹುಲ್ಲಿಗೆ ಬಿತ್ತು. ಹತ್ತಿರ ಇಟ್ಟರೆ ಸಾಕೆಂದು ಕ್ಯಾಡಿ ಹೇಳಿದರೆ, ಕುಳಿಗೇ ಹಾಕುತ್ತೇನೆಂದು ವಾಟ್ಸನ್ ಉತ್ತರಿಸಿ ಹಾಗೇ ಹಾಕಿದ. ಜ್ಯಾಕ್ ನಿಕ್ಲಸ್‌ಗೆ ಕೈಗೆ ಬಂದಂತಿದ್ದ ಪ್ರಶಸ್ತಿ ತಪ್ಪಿತು. ಇದನ್ನು ಓದಿದವರೆಲ್ಲ ವಾಟ್ಸನ್ ಆಗಲು ಹೊರಡುತ್ತಾರೆ. ಕ್ಯಾಡಿಯ ಮಾತೇ ಸರಿ ಎಂಬುದು ಈ ಕೈಪಿಡಿಯ ಅಭಿಪ್ರಾಯ. ನಮ್ಮ ಭಾವನೂ ಅದನ್ನೇ ಹೇಳುವುದು: "ಒಳಗೆ ಹೋಗುದೆಲ್ಲ ಬೇಡ ಮಾರಾಯ, ಅಂಗಳಕ್ಕೆ ಬಂದ್ರೆ ಸಾಕು." ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದು ದೂರ ಹೊಡೆದಲ್ಲ; ಉದ್ದದ ಹೊಡೆತದಲ್ಲಿ ಅವರಿಗಿಂತ ಮುಂದಿದ್ದವರು ಬೇಕಾದಷ್ಟು ಮಂದಿ. ಗ್ರೀನ್ ಸುತ್ತಮುತ್ತ ಅವರು ಚೆಂಡು ಪೋಲು ಮಾಡಲಿಲ್ಲ, ಅಷ್ಟೆ.

ಸ್ಥಳೀಯ ನಿಯಮ

ಚೆಂಡು ಕಮ್ಯುನಿಸ್ಟ್ ಸೊಪ್ಪಿನ ಪೊದೆ ಹೊಕ್ಕರೆ ಹೊಡೆಯಲು ಹೋಗಬೇಡಿ. ಒಂದು ಹೊಡೆತದ ದಂಡ ತೆತ್ತು, ಎರಡು ಕ್ಲಬ್ಬಿನಷ್ಟು ದೂರದೊಳಗೆ, ಕುಳಿಗೆ ಹತ್ತಿರವಾಗದಂತೆ, ಮೊಣಕಾಲಿನ ಎತ್ತರದಿಂದ ಚೆಂಡನ್ನು ಬೀಳಿಸಿ. ಮುಂಡು ಉಟ್ಟವರು ಮೊಣಕಾಲು ಎಲ್ಲಿದೆಯೆಂದು ಎದುರಾಳಿಗೆ ತೋರಿಸತಕ್ಕದ್ದು.

ಬಿದ್ದ ಸೋಗೆ, ಹಾಳೆಗಳನ್ನು ದಂಡವಿಲ್ಲದೆ ಸರಿಸಬಹುದು, ಆದರೆ ಸರಿಸುವಾಗ ಚೆಂಡು ಅಲುಗಿದರೆ ಒಂದು ಹೊಡೆತ ಹೋಯಿತು. ಮುಳ್ಳುಹಂದಿಯ ಮಾಟೆಗೆ ಬಿದ್ದರೆ ದಂಡವಿಲ್ಲ. ಕಾಡುಹಂದಿ ಉತ್ತುಹಾಕಿದ ಜಾಗವನ್ನು ಸಮಿತಿ 'ದುರಸ್ತಿಯಲ್ಲಿರುವ ನೆಲ' ಎಂದು ಘೋಷಿಸಬಹುದು. ಘೋಷಿಸಿದರೆ ನಮ್ಮಲ್ಲಿ ಆಡಲು ನೆಲವೇ ಉಳಿಯುವುದಿಲ್ಲ. ನಾಗಬನಕ್ಕೆ ಹೋದ ಚೆಂಡು ನಾಗನದು.

ವಿಷದ ಹಾವು, ಮೊಸಳೆಗಳಂಥ ಅಪಾಯದ ಪ್ರಾಣಿ ಪಕ್ಕದಲ್ಲಿದ್ದರೆ ಚೆಂಡನ್ನು ದಂಡವಿಲ್ಲದೆ ಸುರಕ್ಷಿತ ಜಾಗಕ್ಕೆ ಒಯ್ಯಲು ಗಾಲ್ಫಿನ ನಿಯಮವೇ ಅವಕಾಶ ಕೊಟ್ಟಿದೆ. ಕುಂಬಳೆ ಬಳಿಯ ಅನಂತಪುರ ಸರೋವರ ಕ್ಷೇತ್ರದ ಬಬಿಯಾ ನೈವೇದ್ಯ ಉಂಡುಕೊಂಡಿದ್ದ ಮೊಸಳೆ ಎಂದೇ ಪ್ರಸಿದ್ಧಿ. ಅವನ ಮುಂದೆ ಈ ನಿಯಮ ನಡೆಯುತ್ತಿತ್ತೇ ಎಂಬ ಪ್ರಶ್ನೆ 2022ರ ಅಕ್ಟೋಬರಿನಲ್ಲಿ ಅವನೊಂದಿಗೇ ಹೋಯಿತು.

ಅಡಿಕೆ ಒಣಹಾಕಿದ ತಿಂಗಳುಗಳಲ್ಲಿ ಅಂಗಳದಲ್ಲಿ ಆಟವಿಲ್ಲ. ಗೋಟಿನ ನಡುವೆ ಚೆಂಡು ಸೇರಿದರೆ ಹೆಕ್ಕಿ ತೆಗೆಯುವುದು ಕಷ್ಟ. ಸುಲಿಯುವವರ ಕೈಗೆ ಸಿಕ್ಕಿದರೆ ಕತ್ತಿಯ ಬಾಯಿ ಹೋಗುತ್ತದೆ. ಆ ಮೇಲಿನ ಬೈಗುಳ ವಾರಂಟಿಯಲ್ಲಿ ಸೇರಿಲ್ಲ.

ಹುಡುಕಾಟ

ಕಳೆದ ಚೆಂಡು ಹುಡುಕಲು ಮೊದಲು ಐದು ನಿಮಿಷವಿತ್ತು, 2019ರಿಂದ ಮೂರೇ ನಿಮಿಷ. ಮುಳಿ ಕೊಯ್ಯುವವರಿದ್ದ ಕಾಲದಲ್ಲಾದರೆ ಕೊಯ್ಲಿನ ಹೊತ್ತಿಗೆ ಚೆಂಡು ಹೇಗೂ ಸಿಗುತ್ತಿತ್ತು. ಹುಲ್ಲಿನ ಮಾಡು ಹೋಗಿ ಹಂಚು ಬಂತು, ಹಂಚು ಹೋಗಿ ಟೆರೇಸು ಬಂತು, ಈಗ ಮುಳಿ ಯಾರಿಗೂ ಬೇಡ. ಹಾಗಾಗಿ ಹುಡುಕುತ್ತ ಕೂರಬೇಡಿ. ಮುಂದಿನ ಸಲ ಬರುವಾಗ ಒಂದು ಡಜನ್ ಚೆಂಡು ತರಲು ಭಾವನಿಗೆ ಈಗಲೇ ಹೇಳಿಡಿ.