ಬಾಗಿನ ಕೊಟ್ಟಾಯಿತಲ್ಲ, ಇನ್ನೇನು ಬೇಕು?

ಹೊಳಲೂರಿನ ಯಾವ ಹುಡುಗನನ್ನು ಬೇಕಾದರೂ ನಿಲ್ಲಿಸಿ ಕೇಳಿ. ಭದ್ರಾ ಡ್ಯಾಮಿನ ಪೂರ್ಣ ಮಟ್ಟ 186 ಅಡಿ ಎಂದು ಥಟ್ಟನೆ ಹೇಳುತ್ತಾನೆ. ಇವತ್ತಿನ ಒಳಹರಿವು, ಹೊರಹರಿವು, ಹೋದ ವರ್ಷ ಇದೇ ದಿನದ ಮಟ್ಟ, ಎಲ್ಲ ಅವನ ಮೊಬೈಲಿನಲ್ಲಿದೆ. ಮಳೆಗಾಲದಲ್ಲಿ ನಮ್ಮೂರ ಹೋಟೆಲಿನಲ್ಲಿ ಚಹಾಕ್ಕಿಂತ ಮೊದಲು ಬರುವ ಮಾತು ಒಂದೇ: “ಡ್ಯಾಮ್ ಎಷ್ಟಾತು?”

ಡ್ಯಾಮಿಗೆ ವಯಸ್ಸು ಎಷ್ಟಾಯಿತು ಎಂದು ಕೇಳಿ ನೋಡಿ. ಎಲ್ಲರಿಗೂ ಚಹಾ ನೆನಪಾಗುತ್ತದೆ.

ನಾನೇ ಹೇಳಿಬಿಡುತ್ತೇನೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಡ್ಡಲಾಗಿ ಕೆಲಸ ಶುರುವಾದದ್ದು 1947ರ ಆಸುಪಾಸಿನಲ್ಲಿ. ಮುಗಿದದ್ದು 1960ರ ದಶಕದ ನಡುವೆ. ನೌಕರನಿಗೆ ಅರವತ್ತು ತುಂಬಿದರೆ ಹಾರ ಹಾಕಿ ಮನೆಗೆ ಕಳಿಸುವ ಸರ್ಕಾರ ನಮ್ಮದು. ಅರವತ್ತು ತುಂಬಿದ ಡ್ಯಾಮಿಗೆ ಮಾತ್ರ ಹೆಚ್ಚುವರಿ ಪ್ರಭಾರ!

ಭದ್ರಾ ಮೇಲ್ದಂಡೆ ಯೋಜನೆ ಬಂತು. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ದುಡ್ಡಿಗಾಗಿ ರಾಜ್ಯ, ಕೇಂದ್ರ ಎರಡೂ ಕಿತ್ತಾಡಿದವು. ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಬಂತು. 2025ರ ಜೂನ್‌ನಲ್ಲಿ ಅದಕ್ಕಾಗಿ ಬಲದಂಡೆ ನಾಲೆ ಸೀಳಲು ಹೊರಟರು. ದಾವಣಗೆರೆಯಲ್ಲಿ ಬಂದ್ ಆಯಿತು. ಜಗಳವೆಲ್ಲ ನೀರು ಯಾರಿಗೆ ಎಂಬುದರ ಮೇಲೆ. ನೀರು ಹೊತ್ತು ನಿಂತ ಗೋಡೆಯ ಪರ ವಕಾಲತ್ತು ಹಾಕುವವರು ಯಾರೂ ಇಲ್ಲ. ಗೋಡೆಗೆ ಓಟಿಲ್ಲ.

ಹೊಳಲೂರಿನ ಹಣೆಬರಹ ಬೇರೆಯದೇ. ನಾವಿರುವುದು ಕೂಡ್ಲಿ ಸಂಗಮದ ಕೆಳಗೆ. ಶಿವಮೊಗ್ಗದವರು ತುಂಗೆಯ ಗಾಜನೂರು ಡ್ಯಾಮಿನ ಗೇಟಿಗೆ ಹೆದರಿದರೆ ಸಾಕು. ಭದ್ರಾವತಿಯವರು ಲಕ್ಕವಳ್ಳಿಯ ಗೇಟಿಗೆ ಹೆದರಿದರೆ ಸಾಕು. ತುಂಗೆ, ಭದ್ರೆ ಇಬ್ಬರೂ ಒಂದಾಗಿ ಬರುವುದು ನಮ್ಮ ತೋಟಕ್ಕೇ. ಪುಣ್ಯವಂತರು ನಾವು.

ಗಾಜನೂರಿನ ಜಲಾಶಯ ಹಿಡಿಯುವುದು 3.24 ಟಿಎಂಸಿ. ಶೃಂಗೇರಿ, ತೀರ್ಥಹಳ್ಳಿ ಕಡೆ ನಾಲ್ಕು ದಿನ ಮಳೆ ಹೊಡೆದರೆ ಮುಗಿಯಿತು, ಬಂದದ್ದನ್ನೆಲ್ಲ ಕೆಳಗೆ ಬಿಡಲೇಬೇಕು. ಭದ್ರಾ ಹಾಗಲ್ಲ, 71.5 ಟಿಎಂಸಿ. ತುಂಗೆ ಉಕ್ಕುವಾಗ ಭದ್ರೆಯನ್ನು ನಾಲ್ಕು ದಿನ ತಡೆದು ನಿಲ್ಲಿಸಬಹುದು. ಕೂಡ್ಲಿಯ ಕೆಳಗಿನವರು ಬದುಕಬಹುದು.

ಆದರೆ ತಡೆಯಲು ಒಳಗೆ ಜಾಗ ಬೇಕಲ್ಲ? ಜುಲೈ ಕೊನೆಯಲ್ಲಿ ಡ್ಯಾಮಿನಲ್ಲಿ ಐದು ಅಡಿ ಖಾಲಿ ಬಿಡುತ್ತೇವೆ ಎಂದು ಒಬ್ಬ ಎಂಜಿನಿಯರ್ ಹೇಳಲಿ ನೋಡೋಣ. ಮಲವಗೊಪ್ಪದ ಕಾಡಾ (ಅಚ್ಚುಕಟ್ಟು ಪ್ರಾಧಿಕಾರ) ಕಚೇರಿ ಎದುರು ಟ್ರ್ಯಾಕ್ಟರ್ ನಿಲ್ಲುತ್ತವೆ. ಅದರಲ್ಲಿ ನಮ್ಮೂರಿನ ಟ್ರ್ಯಾಕ್ಟರೂ ಇರುತ್ತದೆ. ಡ್ಯಾಮ್ ತುಂಬಬೇಕು, ಹೊಳೆ ತುಂಬಬಾರದು. ಇದು ನಮ್ಮ ಬೇಡಿಕೆ. ಮಳೆಗೆ ಬಾಯಿದ್ದಿದ್ದರೆ ಉಗಿಯುತ್ತಿತ್ತು.

ನೀರಾವರಿ ಸಲಹಾ ಸಮಿತಿಯ ಸಭೆಯನ್ನೇ ನೋಡಿ. ಎಡದಂಡೆಗೆ ಎಷ್ಟು, ಬಲದಂಡೆಗೆ ಎಷ್ಟು, ಆನ್ ಅಂಡ್ ಆಫ್ ಬೇಕೋ ನಿರಂತರ ಬೇಕೋ. ಮೇಜು ಕುಟ್ಟುತ್ತಾರೆ, ಮೈಕು ಕಸಿಯುತ್ತಾರೆ. ಡ್ಯಾಮಿನ ಗೋಡೆಯೊಳಗಿನ ಗ್ಯಾಲರಿಯಲ್ಲಿ ಈ ವರ್ಷ ಎಷ್ಟು ನೀರು ಜಿನುಗಿತು ಎಂದು ಕೇಳಿ ಯಾರೂ ಮೇಜು ಕುಟ್ಟಿದ್ದು ಕಾಣೆ.

ಡ್ಯಾಮ್ ತುಂಬಿತೆಂದರೆ ಹಬ್ಬ. ಬಾಗಿನಕ್ಕೆ ದೊಡ್ಡವರೆಲ್ಲ ಬರುತ್ತಾರೆ. ಮೊರ, ಅರಿಶಿನ, ಕುಂಕುಮ, ಹಸಿರು ಬಳೆ, ರೇಷ್ಮೆ ಸೀರೆ. ಹಿಂದೆ ಇಪ್ಪತ್ತು ಕಾರು. ತುಂಬಿದ್ದು ತಮ್ಮ ಕಾಲ್ಗುಣದಿಂದ ಎಂದು ಭಾಷಣ. ರಾತ್ರಿಯಾದರೆ ಗೇಟಿನಿಂದ ಧುಮುಕುವ ನೀರಿಗೆ ಬಣ್ಣದ ದೀಪ. ಗೇಟಿಗೆ ಬಣ್ಣ ಬಳಿಸಿ ವರ್ಷವೆಷ್ಟಾಯಿತು ಎಂದು ಕೇಳಬೇಡಿ. ಅಪಶಕುನ.

ಅಪಶಕುನ ಹೊಸಪೇಟೆಯಲ್ಲಿ ಆಗಿಯೇ ಹೋಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಯಿತು. ಗೇಟು ಕೊಚ್ಚಿ ಹೋಯಿತು. ಉಳಿದ 32 ಗೇಟುಗಳನ್ನೂ ತೆರೆದು, ರೈತರು ಕಾದು ಕಾದು ತುಂಬಿಸಿಕೊಂಡ ನೀರನ್ನು ಹೊಳೆಗೆ ಬಿಟ್ಟರು. ಆ ಕಿಂಡಿಯನ್ನು ತಾತ್ಕಾಲಿಕವಾಗಿ ಮುಚ್ಚಲು ಇಳಿಬಿಡುವ ಸ್ಟಾಪ್‌ಲಾಗ್ ಡ್ಯಾಮಿನಲ್ಲಿ ಒಂದೂ ಇರಲಿಲ್ಲ. ಎಪ್ಪತ್ತು ವರ್ಷದಲ್ಲಿ ಯಾರಿಗೂ ಬೇಕು ಅನ್ನಿಸಿರಲಿಲ್ಲ. ಕೊನೆಗೆ ಮಾನ ಉಳಿಸಿದ್ದು ನಿವೃತ್ತ ತಜ್ಞ ಕನ್ನಯ್ಯ ನಾಯ್ಡು. ಸೇವೆಯಲ್ಲಿದ್ದವರು ಪಕ್ಕದಲ್ಲಿ ನಿಂತು ಫೋಟೊಗೆ ಮುಖ ಕೊಟ್ಟರು.

ಆಮೇಲೆ ಸಮಿತಿ ಬಂತು, ವರದಿ ಬಂತು, ಎಲ್ಲ 33 ಗೇಟು ಬದಲಿಸಬೇಕು ಎಂದಾಯಿತು. ಮುಂದಿನ ಮಳೆಗಾಲವೂ ಬಂತು, ಗೇಟು ಬರಲಿಲ್ಲ. 2025ರಲ್ಲಿ 105 ಟಿಎಂಸಿಯ ಡ್ಯಾಮನ್ನು 80 ಟಿಎಂಸಿಗೇ ನಿಲ್ಲಿಸಿದರು. ಬಾಗಿನಕ್ಕೆ ಖರ್ಚು ಮಾಡುವವರು ಚೈನಿಗೆ ಗ್ರೀಸು ಹಚ್ಚದಿದ್ದರೆ ಲೆಕ್ಕ ಹೀಗೇ ಬರುವುದು.

ಅದು ಬರೀ ಚೈನು. ಇನ್ನು ನೆಲವೇ ಅಲುಗಿದರೆ?

“ನಮ್ಮಲ್ಲಿ ಭೂಕಂಪ ಆಗಲ್ಲ ಬಿಡಿ ಸಾರ್.” ಇದು ಸರ್ವಪಕ್ಷ ನಿಲುವು. ಮಹಾರಾಷ್ಟ್ರದ ಕೊಯ್ನಾದವರೂ ಹೀಗೇ ಅಂದುಕೊಂಡಿದ್ದರು. ಅಂದಿನ ಭೂಕಂಪ ನಕ್ಷೆಯಲ್ಲಿ ದಕ್ಷಿಣ ಪ್ರಸ್ಥಭೂಮಿಯ ಬಹುಭಾಗಕ್ಕೆ ಅಪಾಯವೇ ಇರಲಿಲ್ಲ. 1967ರ ಡಿಸೆಂಬರ್‌ನಲ್ಲಿ ಕೊಯ್ನಾ ನಡುಗಿತು. ಸುಮಾರು 180 ಜನ ಸತ್ತರು. ಡ್ಯಾಮ್ ಬೀಳಲಿಲ್ಲ, ಆದರೆ ಮೇಲ್ಭಾಗದಲ್ಲಿ, ಗೋಡೆ ಸಪೂರವಾಗುವ ಕಡೆ ಬಿರುಕು ಬಿಟ್ಟಿತು. ಹಿಂಬದಿಗೆ ಕಾಂಕ್ರೀಟಿನ ಆನಿಕೆ ಕೊಟ್ಟು ಬಲಪಡಿಸಬೇಕಾಯಿತು. ನಕ್ಷೆ ತಿದ್ದಿದರು. 1993ರಲ್ಲಿ ಕಿಲ್ಲಾರಿ ನಡುಗಿತು. ತೀರಾ ಕಡಿಮೆ ಅಪಾಯದ ವಲಯ ಅದು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಮತ್ತೆ ನಕ್ಷೆ ತಿದ್ದಿದರು. ನಮ್ಮ ದೇಶದಲ್ಲಿ ಮೊದಲು ಹೆಣ, ಆಮೇಲೆ ನಕ್ಷೆ.

ಭದ್ರಾ ಕಟ್ಟಿ ಮುಗಿದದ್ದು ಕೊಯ್ನಾ ನಡುಗುವುದಕ್ಕೂ ಮೊದಲು. ಕಲ್ಲಿನ ಗೋಡೆ, ಪಕ್ಕದಲ್ಲಿ ಮಣ್ಣಿನ ಏರಿ. ಭಾರ ಹೊರುವುದರಲ್ಲಿ ಕಲ್ಲುಗೋಡೆ ಗಟ್ಟಿ. ಹಿಡಿದು ಜಗ್ಗಾಡಿದರೆ ಬಿರುಕು ಬಿಡುತ್ತದೆ. ಮಣ್ಣಿನ ಏರಿ ಕುಸಿಯುತ್ತದೆ. ಗೇಟಿನ ಚೌಕಟ್ಟು ಒಂದಿಷ್ಟು ಸೊಟ್ಟಗಾದರೂ ಸಾಕು, ಏರಿಸಲೂ ಬಾರದು ಇಳಿಸಲೂ ಬಾರದು. ಇದನ್ನೆಲ್ಲ ಇವತ್ತಿನ ಲೆಕ್ಕದಲ್ಲಿ ಮತ್ತೊಮ್ಮೆ ತೂಗಿ ನೋಡಬೇಕು, ಬೇಕಾದ ಕಡೆ ಗ್ರೌಟಿಂಗ್ ಮಾಡಬೇಕು, ಆನಿಕೆ ಕೊಡಬೇಕು, ಬಸಿಗಾಲುವೆ ಚೊಕ್ಕ ಮಾಡಬೇಕು. ಕಷ್ಟ ಏನೆಂದರೆ, ಇದರಲ್ಲಿ ಯಾವುದಕ್ಕೂ ರಿಬ್ಬನ್ ಕತ್ತರಿಸಲು ಬರುವುದಿಲ್ಲ.

ನೆಲ ನಡುಗಿಸಲು ನಮಗೆ ಭೂಕಂಪವೇ ಬೇಕಿಲ್ಲ, ಅದು ಬೇರೆ ಮಾತು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದವರೆಲ್ಲ ಭೂಕಂಪ ಎಂದು ಬೀದಿಗೆ ಓಡಿ ಬಂದರು. ಕಿಟಕಿ ಗಾಜು ಪುಡಿಯಾಗಿತ್ತು. ಪಕ್ಕದ ಜಿಲ್ಲೆಗಳಿಗೂ ಸದ್ದು ಕೇಳಿತ್ತು. ಭೂತಾಯಿ ನಿರಪರಾಧಿ. ಹುಣಸೋಡಿನ ಕಲ್ಲು ಕ್ವಾರಿಯ ಹತ್ತಿರ ಸ್ಫೋಟಕ ತುಂಬಿದ ಲಾರಿ ಸಿಡಿದಿತ್ತು. ಜಿಲ್ಲಾ ಕೇಂದ್ರದ ಮಗ್ಗುಲಲ್ಲಿ ಲಾರಿಗಟ್ಟಲೆ ಜಿಲೆಟಿನ್ ಓಡಾಡಿದ್ದು, ಸಿಡಿಯುವ ತನಕ ಯಾರ ಕಣ್ಣಿಗೂ ಬಿದ್ದಿರಲಿಲ್ಲವಂತೆ.

ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಎಂದು 2024ರಲ್ಲಿ ಹೈಕೋರ್ಟೇ ಹೇಳಬೇಕಾಯಿತು. ಡ್ಯಾಮಿನ ಪಕ್ಕ ಬಂಡೆ ಸಿಡಿಸಬಾರದು ಎಂಬಷ್ಟು ಬುದ್ಧಿಗೂ ನಮಗೆ ರಿಟ್ ಅರ್ಜಿ ಬೇಕು.

ಅಮೆರಿಕದ ಹುಚ್ಚರ ಕತೆ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಆಂಡರ್ಸನ್ ಎಂಬ ಡ್ಯಾಮ್ ಇದೆ. ಕಟ್ಟಿದ್ದು 1950ರಲ್ಲಿ. ದೊಡ್ಡ ಭೂಕಂಪವಾದರೆ ತಾಳದೇ ಹೋಗಬಹುದು ಎಂದು ಎಂಜಿನಿಯರುಗಳು ಲೆಕ್ಕ ಹಾಕಿದರು. ವರ್ಷಗಟ್ಟಲೆ ನೀರಿನ ಮಟ್ಟ ತಗ್ಗಿಸಿಟ್ಟರು. ಸಾಲದು ಎಂದು 2020ರಲ್ಲಿ ಅಲ್ಲಿನ ಕೇಂದ್ರ ಸಂಸ್ಥೆ ಡ್ಯಾಮನ್ನು ಖಾಲಿ ಮಾಡಿಸಿತು. ಬರದ ನಾಡಿನಲ್ಲಿ, ಇನ್ನೂ ಬಾರದ ಭೂಕಂಪಕ್ಕೆ! ನಮ್ಮಲ್ಲಾಗಿದ್ದರೆ ಆ ಅಧಿಕಾರಿಗೆ ಸಂಜೆಯೊಳಗೆ ವರ್ಗಾವಣೆ, ಮಾರನೇ ದಿನ ಸರ್ಕಾರಕ್ಕೆ ಗಂಡಾಂತರ.

ಹಾಗಂತ ನಮ್ಮಲ್ಲಿ ಕಾನೂನು ಇಲ್ಲ ಅನ್ನಬೇಡಿ. ಕಾನೂನಿಗೇನು ಬರ? ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದಲೇ ಜಾರಿಯಲ್ಲಿದೆ. 30 ಮೀಟರಿಗಿಂತ ಎತ್ತರದ ಡ್ಯಾಮಿನ ಬಳಿ ಭೂಕಂಪ ಮಾಪನ ಕೇಂದ್ರ ಇರಬೇಕು. ಭದ್ರಾದ ಎತ್ತರ 59 ಮೀಟರ್. ಐದು ವರ್ಷದೊಳಗೆ ಸ್ವತಂತ್ರ ತಜ್ಞರಿಂದ ಸಮಗ್ರ ಪರಿಶೀಲನೆ ಆಗಬೇಕು. ಐದು ವರ್ಷದೊಳಗೆ ತುರ್ತು ಕ್ರಿಯಾ ಯೋಜನೆ ಸಿದ್ಧವಾಗಬೇಕು: ಡ್ಯಾಮಿಗೆ ಏನಾದರೂ ಆದರೆ ಎಲ್ಲೆಲ್ಲಿ ನೀರು ನುಗ್ಗುತ್ತದೆ, ಯಾರಿಗೆ ಹೇಗೆ ತಿಳಿಸುವುದು, ಎಲ್ಲವೂ ಅದರಲ್ಲಿರಬೇಕು. ಗಡುವು 2026ರ ಡಿಸೆಂಬರ್.

ನಮ್ಮೂರಿಗೆ ಬರುವ ಯೋಜನೆ ಎಂಥದ್ದು ಗೊತ್ತೇ? ವಾಟ್ಸಾಪಿನಲ್ಲಿ ಒಂದು ಫೋಟೊ. ಸೊಟ್ಟಗೆ ತೆಗೆದ ಪ್ರಕಟಣೆ, ಮೂಲೆಯಲ್ಲಿ ತೆಗೆದವನ ಹೆಬ್ಬೆರಳು, ಕೆಳಗೆ ಮಸುಕಾದ ಸೀಲು. “ಯಾವುದೇ ಕ್ಷಣದಲ್ಲಿ ನದಿಗೆ ನೀರು ಬಿಡಲಾಗುವುದು. ನದಿಪಾತ್ರದ ಸಾರ್ವಜನಿಕರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು.” ಯಾವ ಕ್ಷಣ? ಬರೆದಿಲ್ಲ. ಎಷ್ಟು ನೀರು? ಬರೆದಿಲ್ಲ. ಸುರಕ್ಷಿತ ಸ್ಥಳ ಯಾವುದು? ಅದನ್ನು ನಾವೇ ಹುಡುಕಿಕೊಳ್ಳತಕ್ಕದ್ದು. ಗೊಬ್ಬರದಂಗಡಿಯವರ ಗುಂಪಿಗೆ ಅದು ಬೆಳಗ್ಗೆ ಬಂದರೆ, ಹೊಳೆದಂಡೆಯ ಮನೆಗಳಿಗೆ ಮಧ್ಯಾಹ್ನ ಬರುತ್ತದೆ. ನೀರು ಅಷ್ಟು ಹೊತ್ತು ಕಾಯುವುದಿಲ್ಲ.

ಶಿವಮೊಗ್ಗ ನಗರದಲ್ಲಿ ಇಷ್ಟೂ ಬೇಕಿಲ್ಲ. ಅಲ್ಲಿ ಪ್ರವಾಹದ ಅಳತೆಗೋಲು ಕೋರ್ಪಲಯ್ಯನ ಛತ್ರದ ಬಳಿಯ ಕಲ್ಲುಮಂಟಪ. ಮಂಟಪ ಮುಳುಗಿತೆಂದರೆ ಓಡುವುದಿಲ್ಲ, ಸೆಲ್ಫಿಗೆ ಬರುತ್ತಾರೆ. 2019ರ ಆಗಸ್ಟ್‌ನಲ್ಲಿ ತುಂಗೆ ತಾನೇ ಬಡಾವಣೆಗಳ ಒಳಗೆ ಬಂದು ಎಲ್ಲರನ್ನೂ ಮಾತಾಡಿಸಿಕೊಂಡು ಹೋದಳು. ಪಾಠ ಕಲಿತೆವೋ? ಕಲಿತೆವು. ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಹೊಳೆದಂಡೆಗೆ ವಾಕಿಂಗ್ ಪಾತ್ ಮಾಡಿದೆವು. ಮುಂದಿನ ಪ್ರವಾಹವನ್ನು ಇನ್ನೂ ಹತ್ತಿರದಿಂದ ನೋಡಬಹುದು.

ಭದ್ರಾವತಿಯಲ್ಲಿ ಡ್ಯಾಮಿನ ಗೇಟು ತುಸು ಹೆಚ್ಚು ತೆರೆದರೆ ಹೊಸ ಸೇತುವೆ ಮುಳುಗುತ್ತದೆ. ಕವಲಗುಂದಿಯ ಜನ ಗಂಟುಮೂಟೆ ಕಟ್ಟುತ್ತಾರೆ. ಕಾಳಜಿ ಕೇಂದ್ರದಲ್ಲಿ ಅನ್ನ ಸಾರು, ಶಾಸಕರ ಭೇಟಿ, ಪರಿಹಾರದ ಅರ್ಜಿ. ಹೊಳೆಯಂಚಿನಲ್ಲಿ ಮನೆ ಕಟ್ಟುವಾಗ ಕರೆಂಟು ಕೊಟ್ಟವರೂ ಇವರೇ, ಕಂದಾಯ ಕಟ್ಟಿಸಿಕೊಂಡವರೂ ಇವರೇ. ನೀರು ಬಂದ ದಿನ ಮಾತ್ರ ಅದು ಒತ್ತುವರಿ.

ಇಷ್ಟಕ್ಕೂ ಡ್ಯಾಮ್ ಯಾರದ್ದು? ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಮುಳುಗುವುದು ಶಿವಮೊಗ್ಗ ಜಿಲ್ಲೆಯಲ್ಲಿ, ಜಗಳ ದಾವಣಗೆರೆಯಲ್ಲಿ, ನೀರೆತ್ತುವುದು ಚಿತ್ರದುರ್ಗಕ್ಕೆ. ಮಾಲೀಕ ಸರ್ಕಾರದ ನೀರಾವರಿ ನಿಗಮ. ಸರಿಯಿದೆಯೋ ಇಲ್ಲವೋ ಎಂದು ನೋಡಬೇಕಾದ ರಾಜ್ಯದ ಸುರಕ್ಷತಾ ಸಂಸ್ಥೆಯೂ ಅದೇ ಸರ್ಕಾರದ್ದು. ಪರೀಕ್ಷೆ ಬರೆಯುವವನೇ ಪೇಪರ್ ತಿದ್ದುತ್ತಾನೆ. ಫೇಲಾಗುವ ಮಾತೆಲ್ಲಿ?

ಕಾಯ್ದೆಯಲ್ಲಿ ಶಿಕ್ಷೆಯೂ ಇದೆ. ಕಾಯ್ದೆಯಡಿ ಕೊಟ್ಟ ನಿರ್ದೇಶನ ಪಾಲಿಸದಿದ್ದರೆ ಒಂದು ವರ್ಷದವರೆಗೆ ಜೈಲು, ಅದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ. ತಪ್ಪು ಇಲಾಖೆಯದ್ದಾದರೆ ಇಲಾಖೆಯ ಮುಖ್ಯಸ್ಥನೇ ಹೊಣೆ. ಆದರೆ ಕೆಳಗೊಂದು ಸಾಲಿದೆ. ಅದು ತನ್ನ ಗಮನಕ್ಕೆ ಬಾರದೆ ನಡೆಯಿತು ಎಂದು ಸಾಬೀತು ಮಾಡಿದರೆ ಆತ ಬಚಾವ್.

ಈಗ ಅರ್ಥವಾಯಿತೇ ಯಾರಿಗೂ ಏಕೆ ಏನೂ ಗೊತ್ತಾಗುವುದಿಲ್ಲ ಎಂದು? ಗೊತ್ತಿಲ್ಲದಿರುವುದೇ ಈ ರಾಜ್ಯದಲ್ಲಿ ಅತಿ ಸುರಕ್ಷಿತ ಸ್ಥಳ. ಪ್ರಕಟಣೆಯಲ್ಲಿ ಬರೆಯದೇ ಬಿಟ್ಟದ್ದು ಅದನ್ನೇ ಇರಬೇಕು.

ಹಾಗಾಗಿ ಕೂಡ್ಲಿಯ ಕೆಳಗಿನವರಿಗೆ ಉಳಿದಿರುವುದು ಒಂದೇ ಕೆಲಸ. ಗಮನಕ್ಕೆ ತರುವುದು. ಪರಿಶೀಲನಾ ವರದಿ ಎಲ್ಲಿ, ಭೂಕಂಪ ಮಾಪನ ಎಲ್ಲಿ, ತುರ್ತು ಯೋಜನೆಯಲ್ಲಿ ಹೊಳಲೂರಿನ ಹೆಸರು ಎಷ್ಟನೇ ಪುಟದಲ್ಲಿದೆ ಎಂದು ಅರ್ಜಿ ಬರೆದು, ಟಪಾಲಿಗೆ ಕೊಟ್ಟು, ತಾರೀಖಿನ ಸೀಲು ಹಾಕಿಸಿಕೊಂಡು, ನಕಲನ್ನು ಮನೆಯಲ್ಲಿ ಅಟ್ಟದ ಮೇಲೆ ಇಡಿ. ನೀರು ಮುಟ್ಟದಷ್ಟು ಎತ್ತರದಲ್ಲಿ. ನಾಳೆ ಕೋರ್ಟಿನಲ್ಲಿ “ಗಮನಕ್ಕೆ ಬಂದಿರಲಿಲ್ಲ ಸ್ವಾಮಿ” ಎಂದಾಗ ಆ ಸೀಲು ಬೇಕಾಗುತ್ತದೆ.