ಚಕ್ರಸ್ಥ ವಾಯುಭಾರ ಮೀಮಾಂಸೆ: ಬಸವಕಲ್ಯಾಣ–ಹುಮನಾಬಾದ್ ರಸ್ತೆಯ ಬೈಕುಗಳನ್ನು ಅನುಲಕ್ಷಿಸಿ

ಬೈಕಿನ ಟಯರಿನೊಳಗಣ ಗಾಳಿಯ ಒತ್ತಡವನ್ನು ಹೊರಗಿನಿಂದ ಕೊಂಡು ತಂದು ಕೂಡಿಸಿದ ಸೆನ್ಸರಿನ ಮೂಲಕ ಅರಿಯುವ ಪ್ರಕ್ರಿಯೆಯನ್ನು, ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಿಗೆ ಸೀಮಿತಗೊಳಿಸಿಕೊಂಡು, ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ ವಿನಮ್ರ ಯತ್ನವೇ ಪ್ರಸ್ತುತ ಪ್ರಬಂಧ. (ವಿನಮ್ರವಲ್ಲದ ಯತ್ನಕ್ಕೆ ವಿಚಾರ ಸಂಕಿರಣಗಳಲ್ಲಿ ಪ್ರವೇಶವಿಲ್ಲ.) ಸದರಿ ಸೆನ್ಸರನ್ನು ಇನ್ನು ಮುಂದೆ ‘ಚಕ್ರಸ್ಥ ವಾಯುಭಾರ ಸಂವೇದಕ’ ಎಂದು ಕರೆಯಲಾಗುವುದು. ಅಂಗಡಿಯಲ್ಲಿ ಹಾಗೆ ಕೇಳಿದರೆ ಸಿಗುವುದಿಲ್ಲ ಎಂಬುದು ಈ ಅಧ್ಯಯನದ ವ್ಯಾಪ್ತಿಗೆ ಹೊರತು.

ಕಲ್ಯಾಣದ ಬಗ್ಗೆ ಬರೆಯುವವರು ಹನ್ನೆರಡನೆಯ ಶತಮಾನವನ್ನು ಮುಟ್ಟದೆ ಮುಂದೆ ಹೋಗುವಂತಿಲ್ಲ. ಆದ್ದರಿಂದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಐದು ವಿಂಶತಿಗಳನ್ನು, ಅಂದರೆ ನೂರು ಅಧ್ಯಾಯಗಳನ್ನು, ಜಾಲಾಡಲಾಯಿತು. ಆನೆಯಿದೆ, ಕುದುರೆಯಿದೆ, ಅಡುಗೆಯಿದೆ; ಟಯರಿಲ್ಲ. ಈ ಅನುಪಸ್ಥಿತಿಯನ್ನು ಅರ್ಥಗರ್ಭಿತ ಮೌನವೆಂದೇ ಓದಬೇಕು. ಡನ್‌ಲಪ್ ಗಾಳಿ ಟಯರಿಗೆ ಪೇಟೆಂಟ್ ಪಡೆದದ್ದು 1888ರಲ್ಲಲ್ಲವೇ ಎಂದು ಕೇಳುವವರು ವಸಾಹತುಶಾಹಿ ಕಾಲಗಣನೆಯ ಬಂದಿಗಳು.

ಸಂವೇದಕಗಳು ನಾಲ್ಕು ವಿಧ: ಬಹಿರ್ವರ್ತಿ, ಅಂತರ್ವರ್ತಿ, ಉಭಯವರ್ತಿ, ಅನುಭಯವರ್ತಿ. ಬಹಿರ್ವರ್ತಿಯು ವಾಲ್ವಿನ ಮುಚ್ಚಳದ ಜಾಗದಲ್ಲಿ ಕೂರುತ್ತದೆ. ಮೊದಲು ಲಾಕ್‌ನಟ್, ಮೇಲೆ ಸೆನ್ಸರ್. ಒಳಗೊಂದು ಗುಂಡಿ ಬ್ಯಾಟರಿ. ಹ್ಯಾಂಡಲ್ ಮೇಲಿನ ಪರದೆಗೋ ಮೊಬೈಲಿಗೋ ಅಂಕಿ ರವಾನೆ. ತಿರುಗಿಸಿ ಕೂಡಿಸಿದೊಡನೆ ಅದು ವಾಲ್ವಿನ ನಡುವಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತದೆ. ಅಂದರೆ ವಾಲ್ವು ಸದಾ ತೆರೆದೇ ಇರುತ್ತದೆ, ಗಾಳಿಯನ್ನು ತಡೆಯುವುದು ಸೆನ್ಸರಿನೊಳಗಿನ ರಬ್ಬರ್ ವಾಷರ್ ಮಾತ್ರ. ಅದು ಸವೆದರೆ ಕಾವಲಿಗೆ ಇಟ್ಟವನೇ ಕನ್ನ ಕೊರೆದಂತೆ. ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಸೆನ್ಸರ್ ಡಿಸ್ಕ್ ಬ್ರೇಕಿನ ಕ್ಯಾಲಿಪರಿಗೆ ಬಡಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ವಾಲ್ವು ರಬ್ಬರಿನದಾದರೆ ವೇಗದಲ್ಲಿ ಈ ಭಾರಕ್ಕೆ ಬಾಗಿ ಬಾಗಿ ಬುಡದಲ್ಲಿ ಬಿರಿಯಬಹುದು. ಲೋಹದ್ದು ಹಾಕಿಸುವುದು ಮೇಲು. ಅಂತರ್ವರ್ತಿಗೆ ಟಯರ್ ಬಿಚ್ಚಬೇಕು, ಟ್ಯೂಬ್‌ಲೆಸ್ ಆಗಿರಬೇಕು, ಬ್ಯಾಟರಿ ಸತ್ತರೆ ಮತ್ತೆ ಬಿಚ್ಚಬೇಕು. ಮೂರನೆಯದೂ ನಾಲ್ಕನೆಯದೂ ಇಲ್ಲ. ಎರಡೇ ಎಂದರೆ ವರ್ಗೀಕರಣಕ್ಕೆ ಘನತೆ ಬರುವುದಿಲ್ಲವೆಂದು ಸೇರಿಸಿದ್ದು.

ಇನ್ನು ಉಷ್ಣತಾ ಸಂಕಥನ. ಬೆಳಿಗ್ಗೆ ನೆರಳಲ್ಲಿ 25 ಡಿಗ್ರಿಯಿದ್ದಾಗ 32 ಪಿಎಸ್‌ಐ ತುಂಬಿದ ಟಯರು ಬೇಸಗೆಯ ಹೆದ್ದಾರಿಯಲ್ಲಿ ಕಾದು ಒಳಗಾಳಿ 45 ಡಿಗ್ರಿ ಮುಟ್ಟಿದರೆ, ಹನಿ ಗಾಳಿ ಹಾಕದೆಯೂ 35 ತೋರಿಸುತ್ತದೆ. ಇದಕ್ಕೆ ಗಾಬರಿಯಾಗಿ ಗಾಳಿ ಇಳಿಸುವವರಿದ್ದಾರೆ. ಮರುದಿನ ಬೆಳಿಗ್ಗೆ ಟಯರು ಮೆತ್ತಗಾಗಿರುತ್ತದೆ. ತಣ್ಣಗಿರುವಾಗ ಅಳೆದದ್ದೇ ಅಳತೆ. ಈ ಒಂದು ವಾಕ್ಯವನ್ನು ವಿದ್ವತ್ ಪತ್ರಿಕೆಯೊಂದರಲ್ಲಿ ಹದಿನಾಲ್ಕು ಪುಟ ಮಾಡಬಹುದು.

ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿ, ಮೂರೂವರೆ ಟನ್‌ವರೆಗಿನ ಗಾಡಿಗಳಿಗೆ ಟ್ಯೂಬ್‌ಲೆಸ್ ಟಯರು, ರಿಪೇರಿ ಕಿಟ್ಟು ಮತ್ತು ಈ ಸಂವೇದಕ ಇದ್ದರೆ ಸ್ಟೆಪ್ನಿ ಬೇಡ ಎಂದಿತು. ಬೈಕಿಗೆ ಸ್ಟೆಪ್ನಿ ಇದ್ದದ್ದು ಯಾವಾಗ? ಸಸ್ತಾಪುರ ಬಂಗ್ಲಾದಿಂದ ಹುಮನಾಬಾದ್ ಕಡೆ ಹೊರಟವನ ಪರದೆ ನಡುದಾರಿಯಲ್ಲಿ ಕೆಂಪಾಗಿ ಕಿರುಚಿದರೆ, ಗಾಳಿ ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಅಷ್ಟೇ. ಪೆಟ್ರೋಲ್ ಬಂಕಿನಲ್ಲಿ ‘ಉಚಿತ ಗಾಳಿ’ ಎಂಬ ಬೋರ್ಡಿದೆ, ಮಷಿನ್ನಿನ ಮೇಲೆ ಗೋಣಿಚೀಲ ಹೊದಿಸಿದೆ. ಕೇಳಿದರೆ ‘ಹುಡುಗ ಬಂದಿಲ್ರಿ’. ಗುಂಡಿ ಬಿದ್ದ ರಸ್ತೆಗೆ ಯಾವ ಸೆನ್ಸರೂ ಇಲ್ಲ. ಇದ್ದಿದ್ದರೆ ಅದು ಕಿರುಚಿ ಕಿರುಚಿ ಬ್ಯಾಟರಿ ಮುಗಿಸಿಕೊಳ್ಳುತ್ತಿತ್ತು.

ಕೊನೆಗೆ ಕೈಹಿಡಿಯುವವನು ದಾರಿಬದಿಯ ಪಂಕ್ಚರ್ ಅಂಗಡಿಯವನು. ಟಯರನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ, ಪರದೆಯನ್ನು ನೋಡುವುದೂ ಇಲ್ಲ. ‘ಹವಾ ತುಂಬಬೇಕಂದ್ರ ಇದನ್ನ ಬಿಚ್ಚಬೇಕ್ರಿ. ಇದರ ಪಾನಾ ಎಲ್ಲದ?’ ಪಾನಾ ಮನೆಯಲ್ಲಿರುತ್ತದೆ. ಲಾಕ್‌ನಟ್ಟು ಕಳ್ಳನನ್ನು ತಡೆಯಲೆಂದು ಬಂದದ್ದು, ತಡೆಯುವುದು ಇವನನ್ನು.

ಹೆಬ್ಬೆರಳು ಎಲ್ಲವನ್ನೂ ಹೇಳುವುದಿಲ್ಲ. ಎರಡು ಮೂರು ಪಿಎಸ್‌ಐ ವ್ಯತ್ಯಾಸ ಅದಕ್ಕೆ ಸಿಗದು, ಸೆನ್ಸರಿಗೆ ಸಿಗುತ್ತದೆ. ನಿಧಾನ ಸೋರುವ ಟಯರನ್ನು ಹಿಡಿಯಲು ಅದೇ ಬೇಕು. ನನ್ನ ಸಿಟ್ಟು ಸೆನ್ಸರಿನ ಮೇಲಲ್ಲ. ನುಲಿಯ ಚಂದಯ್ಯ ಹಗ್ಗ ಹೊಸೆಯುವವನು, ಅಂಬಿಗರ ಚೌಡಯ್ಯ ದೋಣಿ ನಡೆಸುವವನು; ಕಸುಬನ್ನೇ ಹೆಸರಿಗೆ ಕಟ್ಟಿಕೊಂಡು ಇದೇ ಕಲ್ಯಾಣಕ್ಕೆ ಬಂದು ಶರಣರ ನಡುವೆ ಮಾತಾಡಿದರು, ಯಾರಿಗೂ ನಿಘಂಟು ಬೇಕಾಗಲಿಲ್ಲ. ಈಗ ಅವರ ಮೇಲೆ ಎರಡು ದಿನದ ವಿಚಾರ ಸಂಕಿರಣ ನಡೆಯುತ್ತದೆ. ಕಾಯಕದ ‘ಪರಿಕಲ್ಪನಾತ್ಮಕ ಚೌಕಟ್ಟು’ ಕೇಳಿ ಕೇಳಿ ಕಿವಿ ಸೋತಿದೆ. ಅತಿಥಿಗಳ ಕಾರು ಪಂಕ್ಚರಾದರೆ ಹೊರಗೆ ಬಿಸಿಲಲ್ಲಿ ಕೂತು ಪ್ಯಾಚ್ ಹಾಕುವವನಿಗೆ ಒಳಗೆ ಒಂದು ಕುರ್ಚಿ ಕೊಡಬೇಕೆಂದು ಆಯೋಜಕರಲ್ಲಿ ಯಾರಿಗೂ ಹೊಳೆಯಲಿಲ್ಲ. ಟಯರು ಯಾಕೆ ಒಂದೇ ಕಡೆ ಸವೆಯುತ್ತದೆ, ಯಾವ ರಸ್ತೆ ಯಾವ ಮೊಳೆ ಕೊಡುತ್ತದೆ, ಯಾವ ಊರಿನ ಗಾಡಿಗಳು ಹವಾ ನೋಡಿಸದೆ ಬರುತ್ತವೆ, ಎಲ್ಲ ಅವನಿಗೆ ಗೊತ್ತಿದೆ.

ಮುಂದಿನ ಸಲ ಅವನನ್ನು ಕರೆಯಿರಿ. ಪ್ರಯಾಣಭತ್ಯೆ ಕೊಡಿ, ಅಂಗಡಿ ಮುಚ್ಚಿ ಬಂದ ದಿನದ ಕೂಲಿಯನ್ನೂ ಕೊಡಿ. ಮೊದಲ ಗೋಷ್ಠಿ ಅವನದಾಗಲಿ. ಅಧ್ಯಕ್ಷರ ಭಾಷಣವನ್ನು ಬೇಕಾದರೆ ಊಟದ ನಂತರ ಇಟ್ಟುಕೊಳ್ಳಿ.