ನನ್ನ ಬಲಗಾಲಿನ ಪುಕ್ಕಟೆ ಸವಾರಿ

ಲಕ್ವ ಹೊಡೆದದ್ದು ನನಗಿಂತ ಮೊದಲು ಹೆಂಡತಿಗೆ ಗೊತ್ತಾಯಿತು. ಮುಂಜಾನೆಯ ಚಹಾ ನನ್ನ ಬಾಯಿಯ ಬಲಮೂಲೆಯಿಂದ ಬನಿಯನ್ನಿಗೆ ಇಳಿಯುತ್ತಿತ್ತು. ‘ಗ್ಯಾಸ್ ಆಗೈತಿ, ಜರಾ ಮಲಗತೀನಿ’ ಎಂದೆ. ಅವಳಿಗೆ ಕೇಳಿಸಿದ್ದು ಬರೀ ಗುಳುಗುಳು. ‘ಮಲಗೂದು ಆಮ್ಯಾಲ, ಮೊದಲ ಏಳ್ರಿ’ ಎಂದು ಆಸ್ಪತ್ರೆಗೆ ಎಳೆದೊಯ್ದಳು. ಹೆಪ್ಪು ಕರಗಿಸುವ ಸೂಜಿಗೆ 4½ ತಾಸಿನ ಗಡುವು. ಪುಣ್ಯಕ್ಕೆ ನಮ್ಮ ಬೆಳಗಾವಿಯ ಟಿಳಕವಾಡಿ ರೈಲ್ವೆ ಗೇಟು ಅಂದು ತೆರೆದಿತ್ತು. ನನಗಾಗಿ ಅದು ತೆರೆದದ್ದು ಅದೊಂದೇ ಸಲ.

ಜೀವ ಉಳಿಯಿತು. ಪೆಟ್ಟು ಬಿದ್ದದ್ದು ಮಿದುಳಿನ ಎಡಕ್ಕೆ, ಮುಷ್ಕರ ಹೂಡಿದ್ದು ಬಲಗೈ, ಬಲಗಾಲು. ‘ಆರಾಮ ಅದೀನಲ್ಲ’ ಎಂದು ಬಿಪಿ ಗುಳಿಗೆ ಬಿಟ್ಟ ಪಂಡಿತ ನಾನೇ.

‘ಸೈಕಲ್ ತುಳೀರಿ ಕಾಕಾ’ ಎಂದಳು ಫಿಜಿಯೋಥೆರಪಿ ಹುಡುಗಿ. ನನ್ನ ಎದೆ ಉಬ್ಬಿತು. ‘ಕಾಲೇಜಿನಾಗ ಖಾನಾಪುರಕ್ಕ 26 ಕಿಲೋಮೀಟರ್ ಸೈಕಲ್ ಮ್ಯಾಲೆ ಹೋಗ್ತಿದ್ದೆ!’ ಹೆಂಡತಿ ಖಾನಾಪುರದವಳು. ಅಲ್ಲಿಯ ಹೆಂಚಿನ ಹಾಗೆ ಚೆನ್ನಾಗಿ ಬೆಂದವಳು. ‘ಒಂದ ಸಲ ಬಂದಿದ್ರು. ತಿರುಗಿ ಹೋಗಿದ್ದು ಲಾರಿಯೊಳಗ’ ಎಂದಳು.

ಉದ್ಯಮಬಾಗದ ವೆಲ್ಡರನ ಕೈಯಿಂದ ಸೈಕಲ್ ಬಂತು. ಮೂರು ಗಾಲಿ, ಬೆನ್ನಿಗೆ ಆಸರೆ, ಬಲ ಪೆಡಲಿಗೆ ಹಿಮ್ಮಡಿ ಹಿಡಿಯುವ ತಟ್ಟೆ, ಪಾದ ಜಾರದಂತೆ ಪಟ್ಟಿ, ಎರಡೂ ಬ್ರೇಕು ಎಡಗೈಗೆ. ‘ಹಾಲಿನವ ನೋಡಿದರ ಕ್ಯಾನ್ ಎಲ್ಲಿ ಅಂತಾನ’ ಎಂದು ಗೊಣಗಿದೆ.

ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಮೊದಲ ತಿರುವು. ಹಳೇ ರೂಢಿಯಂತೆ ಮೈ ವಾಲಿಸಿದೆ. ಎರಡು ಗಾಲಿಯದು ಸವಾರನ ಜೊತೆ ವಾಲುತ್ತದೆ. ಮೂರು ಗಾಲಿಯದು ಹ್ಯಾಂಡಲ್ ತಿರುಗಿಸಿದರೆ ಮಾತ್ರ ತಿರುಗುತ್ತದೆ. ನಾನು ಎಡಕ್ಕೆ ವಾಲಿದೆ, ಸೈಕಲ್ ನೆಟ್ಟಗೆ ಪೊದೆ ಹೊಕ್ಕಿತು.

ವಾರವಾದ ಮೇಲೆ ಹುಡುಗಿ ಕಳ್ಳತನ ಹಿಡಿದಳು. ‘ಕಾಕಾ, ಎಲ್ಲಾ ಕೆಲಸ ಎಡಗಾಲ ಮಾಡಾಕತ್ತೈತಿ. ಪೆಡಲು ಎರಡೂ ಜೋಡಿ ಇರತಾವಲ್ಲ, ಬಲಗಾಲು ಪುಕ್ಕಟೆ ತಿರಗತೈತಿ. ನೋಡಿದವರಿಗೆ ಅದೂ ದುಡಿದಂಗ ಕಾಣತೈತಿ.’

‘ನಮ್ಮನಿ 34 ವರ್ಷ ಹಂಗ ನಡದೈತಿ’ ಎಂದಳು ಹೆಂಡತಿ.

ಮತ್ತೆ ಮತ್ತೆ ಮಾಡಿಸಿದರೇ ಮಿದುಳು ಹೊಸ ದಾರಿ ಹುಡುಕುತ್ತದಂತೆ. ಅಂದಿನಿಂದ ಬಲಗಾಲು ಒತ್ತಿದ ತುಳಿತವನ್ನು ಮಾತ್ರ ಹೆಂಡತಿ ಎಣಿಸತೊಡಗಿದಳು. ಆರಾಮಿದ್ದ ಕೈಯನ್ನು ಕಟ್ಟಿಟ್ಟು ಸೋತ ಕೈಯಿಂದ ಕೆಲಸ ಮಾಡಿಸುವ ಚಿಕಿತ್ಸೆಯೂ ಇದೆ ಎಂದು ಹುಡುಗಿ ಬಾಯಿಬಿಟ್ಟದ್ದೇ ತಡ, ನನ್ನ ಎಡಗೈಗೆ ಕಾಲುಚೀಲ ಏರಿತು, ಮುಂದೆ ಬಳ್ಳೊಳ್ಳಿ ರಾಶಿ ಬಿತ್ತು. ಒಂದು ಎಸಳು ಸುಲಿಯುವಷ್ಟರಲ್ಲಿ ಒಂದು ಧಾರಾವಾಹಿ ಮುಗಿಯಿತು.

ದೀಪಾವಳಿಗೆ ಖಾನಾಪುರಕ್ಕೆ ಹೊರಟೆವು, ಸೈಕಲ್ ಟೆಂಪೋದಲ್ಲಿ. ಮಾವನ ಮನೆಯ ಅಂಗಳದಲ್ಲಿ ಬೀಗರೆಲ್ಲ ನೆರೆದಿದ್ದರು. ಛಲದ ಬಗ್ಗೆ ಭಾಷಣ ಬಿಗಿಯುತ್ತಲೇ ಮೂರು ಸುತ್ತು ಹೊಡೆದೆ. ಕಾಲು ಹಗುರ, ಏರಿನಲ್ಲೂ ಓಟ! ನಾಲ್ಕನೇ ಸುತ್ತಿನ ನಡುವೆ ಸೈಕಲ್ ಗಕ್ಕನೆ ನಿಂತಿತು. ಹಿಂದೆ ನೋಡಿದರೆ, ಬಗ್ಗಿ ದೂಡುತ್ತಿದ್ದ ಮೈದುನನ ಮಗ ಕೈ ಒರೆಸಿಕೊಳ್ಳುತ್ತಿದ್ದ. ‘ಮಾಮಾ, ಊಟಕ್ಕ ಕರ್ಯಾಕತ್ತಾರ.’

ಅಂಗಳವೆಲ್ಲ ನಕ್ಕಿತು. ಹಲ್ಲು ಕಚ್ಚಿ, ಎಡಗಾಲು ಸಡಿಲ ಬಿಟ್ಟು, ಬಲಗಾಲಿನಿಂದ ಒತ್ತಿದೆ. ಸೈಕಲ್ ಒಂದು ಗೇಣು ಸರಿಯಿತು.

‘ಒಂದು’ ಎಂದಳು ಹೆಂಡತಿ.